ಡಿಸ್‌ಪ್ಲೇ ಬಾರದ ಬೋರ್ಡು, ತಿಪ್ಪೇಶನ ಸೋಮವಾರ

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಷ್ಟು ವರ್ಷ ನಾನು ಬರೆದದ್ದೆಂದರೆ ರಿಪೇರಿಗೆ ಬಂದ ಸಾಮಾನಿಗೆ ಅಂಟಿಸುವ ಚೀಟಿ ಮಾತ್ರ. ಹೆಸರು, ಊರು, ಏನು ತೊಂದರೆ, ಅಷ್ಟೇ. ಈಗ ಮೊಮ್ಮಗಳು ಸಿಂಚನ ದಪ್ಪ ನೋಟ್‌ಬುಕ್ಕೊಂದನ್ನು ತಂದು ಮುಂದಿಟ್ಟು, "ಅಜ್ಜಿ, ಚೀಟಿ ಬರೆದಿದ್ದು ಸಾಕು, ಇದ್ರಾಗೆ ಬರಿ. ಈ ಕೆಲ್ಸಕ್ಕೆ ಬರೋ ಹುಡುಗ್ರು ಹುಡುಗೀರು ಓದ್ಲಿ" ಎಂದಿದ್ದಾಳೆ. ಅವಳು ಈಗ ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಕುಳಿತಿದ್ದ ಸ್ಟೂಲಿನ ಮೇಲೆಯೇ ಕುಳಿತು ಕೆಲಸ ಮಾಡುತ್ತಾಳೆ. ಅದನ್ನು ನೆನೆದರೆ ನನಗೆ ನಗು ತಡೆಯುವುದಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ನಗು, ರೊಟ್ಟಿ ತಟ್ಟುವಾಗ ನಗು. ಪಕ್ಕದ ಮನೆಯವರು, "ಗಿರಿಜಕ್ಕ, ಒಬ್ಬೊಬ್ರೇ ಯಾಕ್ ನಗ್ತೀರಿ?" ಎಂದು ಕೇಳಿಯೂ ಆಯಿತು.

ಬರೆಯಬೇಕು ಎಂದು ನನಗೇ ಅನ್ನಿಸಿದ್ದು ತಿಪ್ಪೇಶನ ಬೋರ್ಡಿನಿಂದ. ತಿಪ್ಪೇಶ ಹೊಸದುರ್ಗ ತಾಲೂಕಿನವನು, ಹಾಲುರಾಮೇಶ್ವರದ ಕಡೆಯ ಹಳ್ಳಿ, ಕುರಿ ಸಾಕುವ ಮನೆ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ತನ್ನಂತೆಯೇ ಕಣ್ಣು ಕಾಣದ ಮಕ್ಕಳಿಗೆ ಮನೆಯಲ್ಲಿ ಕುಳಿತು ಇಂಟರ್‌ನೆಟ್ ಮೂಲಕ ಕಂಪ್ಯೂಟರ್ ಕಲಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಮೊದಲ ಪಾಠ. ಆ ಹೊತ್ತಿಗೆ ಅವನು ಪಾಠಕ್ಕೆ ಬರದಿದ್ದರೆ ಪಟ್ಟಿಯಲ್ಲಿ ಅವನ ಹಿಂದೆ ಇರುವವರನ್ನು ಕರೆಯುತ್ತೇವೆ ಎಂದು ಕೆಲಸ ಕೊಟ್ಟವರು ಮೊದಲೇ ಹೇಳಿಬಿಟ್ಟಿದ್ದರು. ಅವನ ಹೊಸ ಮದರ್‌ಬೋರ್ಡು ಗುರುವಾರ ಮಧ್ಯಾಹ್ನ ನಮ್ಮ ಟೇಬಲ್ಲಿನ ಮೇಲೆ ಉಸಿರೆತ್ತದೆ ಬಿದ್ದಿತ್ತು.

ಏನಾಯಿತು ಎಂದು ಹೇಳುವುದಕ್ಕೆ ಮೊದಲು, ಇಂಥ ಬೋರ್ಡುಗಳನ್ನು ನಾವು ಹೇಗೆ ನೋಡಲು ಕಲಿತೆವು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ನಮ್ಮ ತಪ್ಪು ನಿಮಗೆ ತಿಳಿಯುವುದಿಲ್ಲ.

ನಮ್ಮ ಯಜಮಾನರದು ರೇಡಿಯೋ ರಿಪೇರಿ ಅಂಗಡಿ. ಮದುವೆಯಾದ ಎರಡು ವರ್ಷಕ್ಕೆ ಅವರ ಕಣ್ಣು ಮಂಜಾಗುತ್ತಾ ಬಂತು. ಸಣ್ಣ ಬೆಸುಗೆ ಹಾಕಲು ಕೈ ಎಲ್ಲೋ ಹೋಗಿ ಎಲ್ಲೋ ಇಳಿಯುತ್ತಿತ್ತು. ಅವರು ಹೇಳುತ್ತಿದ್ದರು, ನಾನು ಬೆಸುಗೆ ಹಾಕುತ್ತಿದ್ದೆ. ಅಂಗಡಿಯ ಹಿಂದೆ ಒಂದು ಪರದೆ ಕಟ್ಟಿದ್ದೆವು, ನಾನು ಅದರ ಹಿಂದೆ. ಹೆಂಗಸು ಬಿಚ್ಚಿದ ರೇಡಿಯೋ ಎಂದರೆ ಗಿರಾಕಿಗಳು ಒಪ್ಪುತ್ತಾರೋ ಇಲ್ಲವೋ ಎಂಬ ಅಂಜಿಕೆ. ಒಂದು ದಿನ ಹೊಳಲ್ಕೆರೆಯ ಗಿರಾಕಿಯೊಬ್ಬರು, "ನಿಮ್ ಕೈಗುಣ ಭಾರಿ ಐತೆ ಬಿಡ್ರಿ" ಎಂದು ನಮ್ಮ ಯಜಮಾನರನ್ನು ಹೊಗಳಿದಾಗ, ಅವರು ಎದ್ದು ಬಂದು ಆ ಪರದೆಯನ್ನು ಹಗ್ಗದ ಸಮೇತ ಕಿತ್ತು ಹಾಕಿದರು. "ಕೈ ಅಲ್ಲೈತೆ ನೋಡ್ರಿ" ಎಂದರು. ನನ್ನ ಕೈಯಲ್ಲಿ ಬೆಸುಗೆಯ ಕಾದ ಕಬ್ಬಿಣ, ತಲೆಯ ಮೇಲೆ ಸೆರಗು, ಏನು ಮಾಡಬೇಕೋ ತಿಳಿಯದೆ ಕುಳಿತೇ ಇದ್ದೆ. ಆ ಗಿರಾಕಿ ಸ್ವಲ್ಪ ಹೊತ್ತು ನೋಡಿ, "ಹಂಗಾರೆ ಮನ್ಯಾಗೆ ಇನ್ನೊಂದ್ ಟೇಪ್‌ರೆಕಾರ್ಡ್ ಐತೆ ಕಣವ್ವ, ಅದ್ನೂ ತರ್ತೀನಿ" ಎಂದರು. ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ರೇಡಿಯೋ ಹೋಯಿತು, ಟೇಪ್‌ರೆಕಾರ್ಡು ಹೋಯಿತು, ಡಬ್ಬಿಯಂಥ ಟೀವಿ ಬಂದು ಅದೂ ಹೋಯಿತು. ನಮ್ಮ ಅಂಗಡಿ ಮುಚ್ಚಿದ ಮೇಲೆ ನಾನು ರುದ್ರಣ್ಣನವರ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಅವರು ನನಗಿಂತ ಚಿಕ್ಕವರು, ಆದರೂ ಅವರೇ ಸಾಹುಕಾರರು. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಮೊದಲ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ಇಂಗ್ಲಿಷ್ ಬರುತ್ತೇನ್ರಿ ಗಿರಿಜಕ್ಕ?" ಬರಲ್ಲ ಎಂದೆ. "ಬೋರ್ಡಿಗೂ ಬರಲ್ಲ, ಕುಂತ್ಕಳ್ರಿ" ಎಂದರು.

ಆಗಿನ ಬೋರ್ಡುಗಳು ಕೂಗಿ ಹೇಳುತ್ತಿದ್ದವು. ಒಂದು ಪುಟ್ಟ ಸ್ಪೀಕರು ಇರುತ್ತಿತ್ತು. ಒಮ್ಮೆ ಬೀಪ್ ಎಂದರೆ ಎಲ್ಲ ಸರಿ. ಉದ್ದಕ್ಕೆ ಬಿಟ್ಟು ಬಿಟ್ಟು ಕೂಗಿದರೆ ರ‍್ಯಾಮ್ ಎಂಬ ನೆನಪಿನ ಪಟ್ಟಿ ತನ್ನ ಸಂದಿಯಲ್ಲಿ ಸರಿಯಾಗಿ ಕುಳಿತಿಲ್ಲ. ಒಂದು ಉದ್ದ ಎರಡು ಗಿಡ್ಡ ಬಂದರೆ ಪರದೆಗೆ ಚಿತ್ರ ಕಳಿಸುವ ಕಡೆ ತೊಂದರೆ. ಒಂದೊಂದು ಕಂಪನಿಯ ಬೋರ್ಡಿನದು ಒಂದೊಂದು ಕೂಗು. ಉದ್ದಕ್ಕೆ ಗೆರೆ, ಗಿಡ್ಡಕ್ಕೆ ಚುಕ್ಕಿ ಹಾಕಿ ನಾನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ನೋಡಿದವರು ರಂಗೋಲಿ ಎಂದುಕೊಳ್ಳುತ್ತಿದ್ದರು. ಡಿಪ್ಲೊಮಾ ಓದಿದವರೂ ಬಂದು, "ಅಕ್ಕ, ನಿಮ್ ರಂಗೋಲಿ ಹಾಳೆ ಸ್ವಲ್ಪ ಕೊಡ್ರಿ" ಎಂದು ಕೇಳುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು.

ಹಿಗ್ಗಿದ್ದಕ್ಕೆ ಪೆಟ್ಟೂ ಬಿತ್ತು. ಹೊಳಲ್ಕೆರೆಯ ಒಂದು ಫೋಟೋ ಸ್ಟುಡಿಯೋಗೆ ಹೊಸ ಮಿಷನ್ನು ಜೋಡಿಸಿದೆ. ಸ್ವಿಚ್ಚು ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ, ಮತ್ತೆ ಅರ್ಧ ಸುತ್ತು, ಮತ್ತೆ ನಿಲ್ಲುತ್ತದೆ. ಎರಡು ದಿನ ಒದ್ದಾಡಿ, "ಬೋರ್ಡ್ ಸತ್ತೈತೆ" ಎಂದು ತೀರ್ಪು ಕೊಟ್ಟು ಕಂಪನಿಗೆ ವಾಪಸು ಕಳಿಸಿದೆ. ಹದಿನೈದು ದಿನಕ್ಕೆ ಅದೇ ಬೋರ್ಡು 'ಚೆನ್ನಾಗಿದೆ' ಎಂಬ ಕಾಗದದ ಜೊತೆ ತಿರುಗಿ ಬಂತು. ಕ್ಯಾಬಿನೆಟ್ಟಿನ ಒಳಗೆ ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಹಿತ್ತಾಳೆ ಕಾಲುಗಳಿರುತ್ತವೆ. ಬೋರ್ಡಿನಲ್ಲಿ ತೂತು ಇರುವ ಕಡೆ ಮಾತ್ರ ಅವು ಇರಬೇಕು. ನಾನು ಒಂದು ಹೆಚ್ಚಿಗೆ ಹಾಕಿದ್ದೆ. ಅದು ತೂತಿಲ್ಲದ ಜಾಗದಲ್ಲಿ ಬೋರ್ಡಿನ ಬೆನ್ನಿಗೆ ತಗುಲಿ ಕರೆಂಟನ್ನು ಅಡ್ಡದಾರಿಗೆ ಎಳೆಯುತ್ತಿತ್ತು. ಗಟ್ಟಿಯಾಗಿರಲಿ ಎಂದು ನಾನೇ ಹಾಕಿದ ಕಾಲು ಅದು. ಸ್ಟುಡಿಯೋದವರು ಮದುವೆ ಫೋಟೋಗಳನ್ನು ಇಟ್ಟುಕೊಂಡು ಹದಿನೈದು ದಿನ ಕಾದಿದ್ದರು. ರುದ್ರಣ್ಣ ಬೈಯಲಿಲ್ಲ. ಆ ಹಿತ್ತಾಳೆ ಕಾಲನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ನಾನು ಯಾವ ಹೊಸ ಬೋರ್ಡನ್ನೂ ನೇರವಾಗಿ ಕ್ಯಾಬಿನೆಟ್ಟಿಗೆ ಹಾಕಿಲ್ಲ. ಮೊದಲು ರಟ್ಟಿನ ಮೇಲೆ ಮಲಗಿಸಿ, ಒಂದೇ ರ‍್ಯಾಮ್ ಹಾಕಿ, ಪ್ರೊಸೆಸರಿಗೆ ಕೊಡುವ ಬೇರೆ ಕರೆಂಟಿನ ವಯರು ಚುಚ್ಚಿದ್ದೇನೆಯೇ ಎಂದು ಎರಡು ಸಲ ಮುಟ್ಟಿ ನೋಡಿ, ಆಮೇಲೆಯೇ ಸ್ವಿಚ್ಚು. ನೀವೂ ಹಾಗೆಯೇ ಮಾಡಿ. ಹೊಸದು ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದುಕೊಳ್ಳಬೇಡಿ, ಏಳದಿದ್ದರೆ ಸತ್ತಿದೆ ಎಂದೂ ಅನ್ನಬೇಡಿ.

ಇನ್ನೊಂದು ರುದ್ರಣ್ಣನವರದೇ ಕಥೆ. ಪೂಜೆ ಆಗದೆ ಯಾವ ಹೊಸ ಮಿಷನ್ನೂ ಅವರ ಅಂಗಡಿಯಿಂದ ಹೊರಗೆ ಹೋಗುವಂತಿರಲಿಲ್ಲ. ಗಿರಾಕಿಯೂ ಪಕ್ಕದಲ್ಲಿ ನಿಲ್ಲಬೇಕು. ಒಳಗಿನ ದೀಪ ಕಾಣಲಿ ಎಂದು ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ತೆಗೆದೇ ಪೂಜೆ. ವಿಭೂತಿ, ಕುಂಕುಮ, ಊದಿನಕಡ್ಡಿ, ಕೊನೆಗೆ ಅಕ್ಷತೆ. ಹಿರಿಯೂರು ತಾಲೂಕಿನ ಯಲ್ಲದಕೆರೆಯಿಂದ ರೈತರೊಬ್ಬರು ಮಗಳ ಓದಿಗೆಂದು ಕಂಪ್ಯೂಟರ್ ತೆಗೆದುಕೊಂಡಿದ್ದರು. ಅಂಗಡಿಯಲ್ಲಿ ಚೆನ್ನಾಗಿ ಎದ್ದಿತ್ತು. ಪೂಜೆ ಆಯಿತು. ಊರಿಗೆ ಹೋಗುವ ಮೊದಲು ಅವರು, "ಇನ್ನೊಂದು ರ‍್ಯಾಮ್ ಹಾಕ್ಬಿಡ್ರಿ" ಎಂದರು. ಹಾಕಿದೆ, ಒತ್ತಿದೆ, ಬೋರ್ಡು ಉದ್ದಕ್ಕೆ ಕೂಗತೊಡಗಿತು. ತೆಗೆದು ರಬ್ಬರಿನಲ್ಲಿ ಉಜ್ಜಿದೆ, ಮತ್ತೆ ಹಾಕಿದೆ. ಮತ್ತೆ ಅದೇ ಕೂಗು. ಯಲ್ಲದಕೆರೆಯವರ ಮುಖ ಇಳಿಯಿತು. "ಪೂಜೆ ಆದ್ಮೇಲೆ ಹಿಂಗಾತಲ್ಲ, ಇದು ನಮ್ಗೆ ಆಗ್ಬರಲ್ವೇನೋ" ಎಂದರು. ರುದ್ರಣ್ಣನವರ ಮುಖವೂ ಸಣ್ಣದಾಯಿತು. ಕೊನೆಗೆ ಟಾರ್ಚು ಹಿಡಿದು ಆ ಸಂದಿಯೊಳಗೆ ಇಣುಕಿದರೆ ತಳದಲ್ಲಿ ಒಂದು ಹಳದಿ ನುಚ್ಚು. ಅಕ್ಷತೆಯ ಅಕ್ಕಿ. ಹೂವು ಪೋಣಿಸುವ ಸೂಜಿಯಿಂದ ಮೆಲ್ಲಗೆ ಎತ್ತಿದೆ, ಬೋರ್ಡು ಎದ್ದಿತು.

ರುದ್ರಣ್ಣ ಆ ನುಚ್ಚನ್ನು ಬೆರಳ ತುದಿಯಲ್ಲಿ ಹಿಡಿದು ಗಿರಾಕಿಗೆ ತೋರಿಸಿದರು. "ಅದೃಷ್ಟ ಅಲ್ರಿ ಗೌಡ್ರೆ, ನಮ್ ತಪ್ಪು ಇದು. ಮುಚ್ಚಿ ಪೂಜೆ ಮಾಡ್ಬೇಕಿತ್ತು, ತೆಗ್ದು ಮಾಡಿದ್ವಿ" ಎಂದರು. ಮುಚ್ಚಿಟ್ಟುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮನುಷ್ಯ ಮಗಳ ಓದಿಗೆ ಕೇಡಾಯಿತು ಎಂಬ ಅನುಮಾನವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಮೇಲಿನವರು ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ನುಚ್ಚಿನ ಕಥೆ ಹೇಳುತ್ತೇನೆ.

ವರ್ಷಗಳು ಹೋದಂತೆ ಬೋರ್ಡುಗಳು ಮೌನವಾದವು. ಕೂಗುವ ಸ್ಪೀಕರಿನ ಬದಲು ಮೂಲೆಯಲ್ಲಿ ನಾಲ್ಕು ಪುಟ್ಟ ದೀಪ ಬಂದವು. ಯಾವುದು ಹತ್ತಿ ನಿಲ್ಲುತ್ತದೋ ಅಲ್ಲಿ ತೊಂದರೆ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಕೂಗೂ ಇಲ್ಲ, ದೀಪವೂ ಇಲ್ಲ. ಮೊದಲು ಪ್ರೊಸೆಸರಿನ ತಳದಲ್ಲಿ ಇದ್ದ ಮುಳ್ಳಿನಂಥ ಪಿನ್ನುಗಳು ಬೋರ್ಡಿನ ಕಡೆಗೆ ಬಂದವು. ನೂರಾರು ಮುಳ್ಳು, ಒಂದು ಬಾಗಿದರೂ ಮುಗಿಯಿತು. ಹಾಗಾಗಿ ನಾವೆಲ್ಲ ಒಂದನ್ನೇ ನಂಬಿದೆವು, ಪರದೆಯನ್ನು. ಪರದೆಯ ಮೇಲೆ ಏನಾದರೂ ಬಂದರೆ ಬೋರ್ಡು ಬದುಕಿದೆ. ಬರದಿದ್ದರೆ 'ಡಿಸ್‌ಪ್ಲೇ ಇಲ್ಲ' ಎಂದು ಚೀಟಿ ಬರೆದು ಅಂಟಿಸುವುದು. ಆ ಎರಡು ಮಾತನ್ನು ನಾನು ಎಷ್ಟು ಸಾವಿರ ಚೀಟಿಗಳ ಮೇಲೆ ಬರೆದಿದ್ದೇನೋ.

ಈಗ ತಿಪ್ಪೇಶನ ವಿಷಯ. ಅಷ್ಟರಲ್ಲಿ ನಾನು ಕೆಲಸ ಬಿಟ್ಟು, ರುದ್ರಣ್ಣನವರ ಅಂಗಡಿಯ ನನ್ನ ಸ್ಟೂಲಿಗೆ ಸಿಂಚನ ಬಂದಿದ್ದಳು.

ಗುರುವಾರ ಅವನು ತಾಯಿ ಕರಿಯಮ್ಮನ ಜೊತೆ ಬಸ್ಸಿನಲ್ಲಿ ಬಂದ. ಅವನ ಹಳೆಯ ಕಂಪ್ಯೂಟರಿನೊಳಗೆ ಹಲ್ಲಿ ಹೊಕ್ಕು ತಾನೂ ಸುಟ್ಟು ಬೋರ್ಡನ್ನೂ ಸುಟ್ಟಿತ್ತು. ಹಾರ್ಡ್‌ಡಿಸ್ಕು ಮಾತ್ರ ಉಳಿದಿತ್ತು. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರು, ಪಾಠಕ್ಕೆಂದು ಅವನು ಸಿದ್ಧ ಮಾಡಿಕೊಂಡದ್ದು, ಎಲ್ಲವೂ ಅದರಲ್ಲೇ. ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಸುಗೂಸಿನಂತೆ ತಂದಿದ್ದ. ಕೊರಳಲ್ಲಿ ಹೆಡ್‌ಫೋನು.

"ಹೊಸ ಬೋರ್ಡಿಗೆ ಇದ್ನೇ ಹಾಕ್ಬೇಕು ತಂಗಿ. ಸೋಮವಾರಕ್ಕೆ ಆಗುತ್ತಾ?" ಎಂದು ಸಿಂಚನಳನ್ನು ಕೇಳಿದ.

"ಇವತ್ತೇ ಆಗುತ್ತೆ ತಿಪ್ಪೇಶಣ್ಣ. ಟೀ ಕುಡಿಯೋದ್ರಾಗೆ ಎಬ್ಬಿಸ್ತೀನಿ" ಎಂದಳಂತೆ ಸಿಂಚನ. ಬೋರ್ಡು, ಪ್ರೊಸೆಸರು ಎಲ್ಲವನ್ನೂ ಅವನಿಗಾಗಿ ಅವಳೇ ಆರಿಸಿ ತರಿಸಿದ್ದಳು.

ನಾನು ಮಧ್ಯಾಹ್ನ ಅವಳಿಗೆ ಬುತ್ತಿ ತೆಗೆದುಕೊಂಡು ಹೋದಾಗ ಅಂಗಡಿಯಲ್ಲಿ ಮೂರು ಟೀ ಲೋಟ ಖಾಲಿಯಾಗಿದ್ದವು, ಬೋರ್ಡು ಎದ್ದಿರಲಿಲ್ಲ. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಸಿಂಚನ ನನ್ನ ಕಡೆ ನೋಡಲಿಲ್ಲ. ಅವಳು ಚಿಕ್ಕಂದಿನಲ್ಲಿ ಸ್ಲೇಟು ಒಡೆದಾಗಲೂ ಹಾಗೆಯೇ ನೆಲ ನೋಡುತ್ತಿದ್ದಳು.

"ರಟ್ಟಿನ ಮೇಲೆ ಹಾಕಿ ನೋಡಿದೇನೆ?" ಎಂದೆ.

"ನೋಡ್ದೆ ಅಜ್ಜಿ."

"ಬೋರ್ಡಿನ ಬಿಲ್ಲೆ ಶೆಲ್ಲು?"

"ತೆಗ್ದು ಹಾಕ್ದೆ. ಮಾನಿಟರ್ ಬದಲಾಯ್ಸಿದೆ, ವಯರ್ ಬದಲಾಯ್ಸಿದೆ, ರ‍್ಯಾಮ್ ಎರಡು ಸಲ ತಿಕ್ಕಿದೆ. ಮುಳ್ಳು ಒಂದೂ ಬಾಗಿಲ್ಲ."

ನಾನು ಕನ್ನಡಕ ಹಾಕಿಕೊಂಡು ಕುಳಿತೆ. ಅದು ಕೂಗೂ ದೀಪವೂ ಇಲ್ಲದ ಮೂಗ ಬೋರ್ಡು. ನನ್ನ ರಂಗೋಲಿ ಹಾಳೆಗೆ ಅಲ್ಲಿ ಕೆಲಸವಿರಲಿಲ್ಲ. ಸಂಜೆಯವರೆಗೆ ನಾವಿಬ್ಬರೂ ಬಿಚ್ಚಿದೆವು, ಜೋಡಿಸಿದೆವು, ಬಿಚ್ಚಿದೆವು. ತಿಪ್ಪೇಶ ಬೆಂಚಿನ ಮೇಲೆ ಕುಳಿತು ಏನೂ ಕೇಳದೆ ಕಾಯುತ್ತಿದ್ದ. ಕೇಳಿದ್ದು ಕರಿಯಮ್ಮ. "ಯಾಕ್ರವ್ವ, ಹೊಸ ಕುರಿ ಮಂದೆಗೆ ಸೇರ್ತಾ ಇಲ್ವೇನು?" ಕೊನೆಯ ಬಸ್ಸಿಗೆ ಮೊದಲು ಅವರನ್ನು ಕಳಿಸಿ, ಶನಿವಾರ ಬನ್ನಿ ಎಂದೆವು.

ಶುಕ್ರವಾರವೂ ಅದೇ ಕಥೆ. ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಬದಲಾಯಿಸಿದೆವು. ಬೇರೆ ಅಂಗಡಿಯಿಂದ ರ‍್ಯಾಮ್ ಕೇಳಿ ತಂದೆವು. ಆ ಬೋರ್ಡಿಗೆ ಹೊಂದುವ ಇನ್ನೊಂದು ಪ್ರೊಸೆಸರು ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ. ಸಂಜೆ ರುದ್ರಣ್ಣ ಬಂದು ನಿಂತು, "ವಾಪಸ್ ಕಳ್ಸಾಣ ಬಿಡ್ರಿ, ಬೇರೆ ಬರ್ಲಿ" ಎಂದರು. ಬರುವುದು ಹತ್ತು ದಿನಕ್ಕೆ. ಸಿಂಚನ ಚೀಟಿ ತೆಗೆದುಕೊಂಡು 'ಡಿಸ್‌ಪ್ಲೇ ಇಲ್ಲ' ಎಂದು ಬರೆದಳು. ಅವಳ ಅಕ್ಷರ ನನ್ನದಕ್ಕಿಂತ ಎಷ್ಟೋ ಚೆನ್ನ. ತಿಪ್ಪೇಶನಿಗೆ ಕೊಡಲು ಅಂಗಡಿಯಲ್ಲಿ ಬೇರೆ ಮಿಷನ್ನು ಇತ್ತೇ ಎಂದು ನೀವು ಕೇಳಬಹುದು. ಇದ್ದದ್ದು ಒಂದು ಹಳೆಯದು. ಅದಕ್ಕೆ ಅವನ ಡಿಸ್ಕು ಹಾಕಿದರೆ ಮೇಲೇಳುತ್ತದೆ, ಅರ್ಧ ಗಂಟೆಗೆ ನಿಂತುಬಿಡುತ್ತದೆ. ಪಾಠದ ಮಧ್ಯೆ ಮೇಷ್ಟ್ರ ಧ್ವನಿ ನಿಂತರೆ ಆ ಕಡೆ ಇರುವ ಮಕ್ಕಳಿಗೆ ಏನು ಕಾಣುತ್ತದೆ, ಏನೂ ಇಲ್ಲ.

ಶನಿವಾರ ಬೆಳಿಗ್ಗೆ ತಾಯಿ ಮಗ ಮೊದಲ ಬಸ್ಸಿಗೇ ಬಂದರು. ಹೇಳುವುದು ಯಾರು ಎಂದು ನಾನು ಮತ್ತು ರುದ್ರಣ್ಣ ಮುಖ ಮುಖ ನೋಡಿಕೊಂಡೆವು. ಸಿಂಚನ ಎದ್ದು ಹೋಗಿ ಅವನ ಪಕ್ಕ ಬೆಂಚಿನ ಮೇಲೆ ಕುಳಿತು ಹೇಳಿದಳು.

"ತಿಪ್ಪೇಶಣ್ಣ, ಆಗ್ಲಿಲ್ಲ. ಬೋರ್ಡ್ ವಾಪಸ್ ಕಳಿಸ್ಬೇಕು. ಹತ್ತು ದಿನ ಆಗುತ್ತೆ."

ಕರಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ತಿಪ್ಪೇಶ, "ಕಳ್ಸೋಕೆ ಮುಂಚೆ ಒಂದ್ಸಲ ಪೂರ್ತಿ ಜೋಡಿಸ್ತೀಯಾ ತಂಗಿ? ನನ್ ಡಿಸ್ಕೂ ಹಾಕು. ನಾನಿನ್ನೂ ಅದನ್ನ ಮುಟ್ಟೇ ಇಲ್ಲ" ಎಂದ.

ನೀವು ನೋಡಿರುವುದನ್ನು ನಾನು ಮುಟ್ಟಿಲ್ಲ ಎಂಬ ಮಾತು ಅದು. ಸಿಂಚನ ಜೋಡಿಸಿದಳು. ಮಾನಿಟರಿನ ವಯರು ಹಾಕಲೇ ಇಲ್ಲ, ಏಕೆಂದರೆ ಅದರಲ್ಲಿ ಏನೂ ಬರುವುದಿಲ್ಲವಲ್ಲ. ಸ್ವಿಚ್ಚು ಎಲ್ಲಿದೆ ಎಂದು ಅವನ ಬೆರಳು ಹಿಡಿದು ತೋರಿಸಿದಳು. ಅವನೇ ಒತ್ತಿದ. ಫ್ಯಾನಿನ ಗಾಳಿಗೆ ಅಂಗೈ ಹಿಡಿದ, ತಗಡು ಸವರಿದ, ಬೆನ್ನಿನ ಕಡೆ ಇರುವ ಒಂದೊಂದು ಸಂದಿಯನ್ನೂ ಮುಟ್ಟಿ ಎಣಿಸಿದ. ಕೊನೆಗೆ ಕೊರಳಿನ ಹೆಡ್‌ಫೋನಿನ ಪಿನ್ನು ತೆಗೆದು ಒಂದು ತೂತಿಗೆ ಚುಚ್ಚಿ ಕಿವಿಗೆ ಹಾಕಿಕೊಂಡ. ಯಾವ ಕಂಪ್ಯೂಟರ್ ಮುಂದೆ ಕುಳಿತರೂ ಅವನು ಮಾಡುವ ಮೊದಲ ಕೆಲಸ ಅದೇ ಎಂದು ಆಮೇಲೆ ಹೇಳಿದ. ಅಭ್ಯಾಸ.

ಇತ್ತ ನಾವು ಅವನಿಗೆ ಕೆಲಸ ಕೊಟ್ಟವರಿಗೆ ಯಾರು ಫೋನ್ ಮಾಡಿ ಹತ್ತು ದಿನದ ಗಡುವು ಕೇಳುವುದು ಎಂದು ಮಾತಾಡುತ್ತಿದ್ದೆವು. ರುದ್ರಣ್ಣ, "ನಾನೇ ಮಾಡ್ತೀನಿ, ಅಂಗಡಿ ತಪ್ಪು ಅಂತ ಹೇಳ್ತೀನಿ" ಎನ್ನುತ್ತಿದ್ದರು. ಕರಿಯಮ್ಮ, "ನೀವ್ ಹೇಳಿದ್ರೆ ಕೇಳ್ತಾರೇನ್ರಿ ಸ್ವಾಮಿ?" ಎನ್ನುತ್ತಿದ್ದಳು.

"ಎಲ್ರೂ ಸ್ವಲ್ಪ ಸುಮ್ನಿರ್ರಿ" ಎಂದ ತಿಪ್ಪೇಶ.

ರುದ್ರಣ್ಣ ಕೈಗೆತ್ತಿಕೊಂಡಿದ್ದ ಫೋನು ಕೆಳಗಿಟ್ಟರು.

"ಕೀಬೋರ್ಡ್ ಎಲ್ಲೈತೆ? ಪಾಸ್‌ವರ್ಡ್ ಕೇಳ್ತಾ ಐತೆ."

ಯಾರಿಗೂ ಅರ್ಥವಾಗಲಿಲ್ಲ. ಸಿಂಚನ, "ಯಾರ್ ಕೇಳ್ತಾ ಅವ್ರೆ?" ಎಂದಳು.

"ಕಂಪ್ಯೂಟ್ರು ಕಣಮ್ಮ. ಇನ್ಯಾರು?"

ಸಿಂಚನ ಓಡಿ ಕೀಬೋರ್ಡು ತಂದು ಚುಚ್ಚಿದಳು. ಅವನು ಪಾಸ್‌ವರ್ಡು ಒತ್ತಿದ, ಎರಡು ಕೀಲಿ ತಟ್ಟಿದ, ತಲೆಯಾಡಿಸಿದ. "ನನ್ ಪಾಠ ಎಲ್ಲಾ ಅವೆ. ಭಾರಿ ಜೋರೈತೆ ಇದು, ಹಳೇದು ಇಷ್ಟೊತ್ತಿಗೆ ಆಕಳಿಸ್ತಿತ್ತು" ಎಂದ. ಸಿಂಚನ ಹೆಡ್‌ಫೋನಿನ ಒಂದು ಕಿವಿ ಕೇಳಿ ಇಸಿದುಕೊಂಡು ತನ್ನ ಕಿವಿಗೆ ಒತ್ತಿಕೊಂಡಳು, ಆಮೇಲೆ ನನ್ನ ಕಿವಿಗೆ ಹಿಡಿದಳು. ಅವನ ಡಿಸ್ಕಿನಲ್ಲಿದ್ದ, ಓದಿ ಹೇಳುವ ಹೆಂಗಸು ಬಲು ಅವಸರದಲ್ಲಿ ಏನೇನೋ ಓದುತ್ತಿದ್ದಳು. ಮೂರು ದಿನದಿಂದ ಆ ಬೋರ್ಡು ಏಳುತ್ತಲೇ ಇತ್ತು. ನಾವು ಪ್ರತಿ ಸಲ ಕಪ್ಪು ಪರದೆ ನೋಡಿ ಅದರ ಕುತ್ತಿಗೆ ಹಿಸುಕಿ ಮಲಗಿಸುತ್ತಿದ್ದೆವು.

ಸಿಂಚನ ಪ್ರೊಸೆಸರಿನ ಖಾಲಿ ಡಬ್ಬಿಯನ್ನು ಹುಡುಕಿ ತೆಗೆದಳು. ಡಬ್ಬಿಯ ಮೇಲೆ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚಿಗೆ ಇತ್ತು. ಆ ಅಕ್ಷರ ಇದ್ದರೆ ಪ್ರೊಸೆಸರಿಗೆ ಪರದೆಗೆ ಚಿತ್ರ ಕಳಿಸುವ ಶಕ್ತಿ ಇರುವುದಿಲ್ಲ, ಅದಕ್ಕೆಂದೇ ಬೇರೆ ಕಾರ್ಡು ಹಾಕಬೇಕು. ಲೆಕ್ಕ ಮಾಡುವುದು, ಮಾತಾಡುವುದು, ಎಲ್ಲ ಮಾಡುತ್ತದೆ, ಚಿತ್ರ ಒಂದು ಬಿಟ್ಟು. ಅದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ತರಿಸುವಾಗ ವೇಗ ನೋಡಿದಳು, ಕೊನೆಯ ಅಕ್ಷರ ನೋಡಲಿಲ್ಲ. ನಾನಂತೂ ಇಂಗ್ಲಿಷ್ ಅಕ್ಷರವನ್ನೇ ನೋಡುವವಳಲ್ಲ.

ಅವಳ ಮುಖ ಕೆಂಪಾಯಿತು. ತಪ್ಪನ್ನು ಬೋರ್ಡಿನ ಮೇಲೆ ಹಾಕಿ ಜಾರಿಕೊಳ್ಳಲು ಅವಳಿಗೆ ದಾರಿ ಇತ್ತು, ಚೀಟಿಯೂ ಬರೆದಾಗಿತ್ತು.

"ತಿಪ್ಪೇಶಣ್ಣ, ಬೋರ್ಡ್ ಸರಿಯಾಗೇ ಐತೆ. ತಪ್ಪು ನಂದು. ಪಿಕ್ಚರ್ ಬರದೇ ಇರೋ ಪ್ರೊಸೆಸರ್ ತರ್ಸಿಬಿಟ್ಟೆ. ಕಾರ್ಡ್ ಹಾಕಿದ್ರೆ ಬರುತ್ತೆ, ಅದು ಬರೋಕೆ ಒಂದು ವಾರ. ಅಲ್ಲೀವರ್ಗೂ ಪರದೆ ಇಲ್ಲ."

ತಿಪ್ಪೇಶ ಹೆಡ್‌ಫೋನು ಕಳಚಿದ. "ಪರದೆ ಇಲ್ಲ ಅಂದ್ರೆ ನಂಗೇನ್ ಹೋತು ತಂಗಿ?"

ಮೊದಲು ನಕ್ಕದ್ದು ಕರಿಯಮ್ಮ. ಅವಳು ನಕ್ಕ ಮೇಲೆ ರುದ್ರಣ್ಣ. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಕರಿಯಮ್ಮ ನಗು ನಿಲ್ಲಿಸಿ, "ನಂಗ್ ಹೋತು ನೋಡ್ರಿ. ಇವ್ನು ಅದ್ರಾಗೆ ಪಾಠ ಮಾಡ್ತಾನೋ ಕ್ರಿಕೆಟ್ ಕೇಳ್ತಾನೋ ಅಂತ ನಾನ್ ಹೆಂಗ್ ತಿಳ್ಕಳ್ಳಿ?" ಎಂದಳು. "ಒಂದ್ ವಾರ ನಂಬವ್ವ" ಎಂದ ಮಗ.

ನಾನು ಆ ದಿನವೇ ಕೊಡಲು ಬಿಡಲಿಲ್ಲ. ಇದು ಹಳೆಯ ಪದ್ಧತಿ, ಇವತ್ತಿಗೂ ಬಿಡಬೇಡಿ: ಎದ್ದ ಬೋರ್ಡು ನಿಲ್ಲುತ್ತದೆಯೇ ಎಂದು ನೋಡಬೇಕು. ಶನಿವಾರ ಪೂರ್ತಿ ತಿಪ್ಪೇಶ ಅಂಗಡಿಯಲ್ಲೇ ಕುಳಿತು ಅದನ್ನು ಓಡಿಸಿದ. ಗಂಟೆಗೊಮ್ಮೆ ಸಿಂಚನ ಬಂದು, "ಮಾತಾಡ್ತಾ ಐತಾ?" ಎಂದು ಕೇಳುವುದು. "ನಿಮ್ಮಜ್ಜಿಗಿಂತ ಜಾಸ್ತಿ ಮಾತಾಡ್ತಾ ಐತೆ" ಎಂದು ಅವನು ಹೇಳುವುದು.

ಭಾನುವಾರ ನಾನು, ಸಿಂಚನ ಅವರ ಹಳ್ಳಿಗೆ ಹೋದೆವು. ಮನೆಯಲ್ಲಿ ಜೋಡಿಸಿ ಇಂಟರ್‌ನೆಟ್ಟು ಹಿಡಿಸಿ ಕೊಡಬೇಕು ಎಂದು ಸಿಂಚನಳ ಹಟ. ಅಲ್ಲಿ ಒಂದು ವಿಚಿತ್ರ ಆಯಿತು. ವಯರು ಚುಚ್ಚುವವರೆಗೆ ಕೆಲಸ ಅವಳದು. ಆಮೇಲೆ ಅವಳಿಗೆ ಏನೂ ಕಾಣದು. ಕೀಲಿ ತಟ್ಟಿ ಒಳಗೆ ಹೋಗುವವನು ಅವನು, ಪಕ್ಕದಲ್ಲಿ ನಿಂತು "ಈಗೇನಂತೈತಣ್ಣ? ಹೌದು ಅಂತ ಒತ್ತಿದ್ಯಾ?" ಎಂದು ಬೇಡುವವಳು ಅವಳು. ಅಕ್ಕಪಕ್ಕದವರು ಹೊಸ ಕಂಪ್ಯೂಟರ್ ನೋಡಲು ಬಂದು ಕಪ್ಪು ಡಬ್ಬಿಯೊಂದನ್ನೇ ನೋಡಿ, "ಟೀವಿ ಎಲ್ರಿ ಇದ್ರದ್ದು?" ಎಂದು ಕೇಳಿ, ಉತ್ತರ ಸಾಲದೆ ಹೊರಟು ಹೋದರು. ಕತ್ತಲಾಗುವುದಕ್ಕೆ ಮೊದಲು ಹೊರಡಬೇಕೆಂದಿದ್ದೆವು. ಕರಿಯಮ್ಮ ಬಿಡಲಿಲ್ಲ. "ಮುದ್ದೆ ಉಂಡು ಮಲ್ಕಳ್ರಿ. ನಾಳೆ ಪಾಠ ಆಗೋದ್ನ ಕಿವ್ಯಾರೆ ಕೇಳ್ಕೊಂಡ್ ಹೋಗ್ರಿ" ಎಂದಳು.

ಸೋಮವಾರ ಎಂಟೂವರೆಗೆ ತಿಪ್ಪೇಶ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಕುಳಿತ. ನೋಡುವವರು ಯಾರೂ ಇಲ್ಲದ ಪಾಠಕ್ಕೆ ಇಸ್ತ್ರಿ ಅಂಗಿ ಏಕೆ ಎಂದು ನಾನು ಕೇಳಲಿಲ್ಲ. ಸಿಂಚನಳಿಗೂ ಕೇಳಲಿ ಎಂದು ಅವನು ಹೆಡ್‌ಫೋನು ಬಿಟ್ಟು ಒಂದು ಪುಟ್ಟ ಸ್ಪೀಕರು ಹಾಕಿದ್ದ. ಕರಿಯಮ್ಮ ಪಾಠ ಶುರುವಾಗಲಿ ಎಂದು ಕುರಿ ಹಟ್ಟಿಯ ಬಾಗಿಲು ತೆಗೆಯದೆ ಮನೆಯೊಳಗೇ ನಿಂತಿದ್ದಳು. ಕುರಿಗಳು ಅರಚುತ್ತಿದ್ದವು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕೆಲಸ ಕೊಟ್ಟ ಕಡೆಯ ಮೇಡಂ ಒಬ್ಬರ ಧ್ವನಿ ಬಂತು. "ತಿಪ್ಪೇಶ್ ಸರ್, ಇದ್ದೀರಾ?"

"ಇದ್ದೀನಿ ಮೇಡಂ."

ಸಿಂಚನ ನನ್ನ ಮುಂಗೈ ಹಿಡಿದಳು, ಬಳೆ ಒತ್ತಿ ನೋಯುವಷ್ಟು.

ಒಬ್ಬೊಬ್ಬರಾಗಿ ಮಕ್ಕಳು ಬಂದು ಹೆಸರು ಹೇಳಿದರು. ಐದು ಮಕ್ಕಳು. ಆರನೆಯದು ಒಂದು ಹೆಣ್ಣು ಮಗು, ಅಪ್ಪನ ಮೊಬೈಲಿನಿಂದ ಮಾತಾಡುತ್ತಿತ್ತು. "ಸರ್, ನಾನು ಪಾಠಕ್ಕೆ ಬರಕ್ಕಾಗಲ್ಲ. ನಮ್ಮನೆಗೆ ಓದಿ ಹೇಳೋ ಹೊಸ ಕಂಪ್ಯೂಟರ್ ಬಂದೈತೆ, ಆನ್ ಆಗ್ತಿಲ್ಲ. ಏನೂ ಕಾಣ್ತಿಲ್ಲ ಅಂತ ಅಪ್ಪ ಹೇಳ್ತಾ ಅವ್ರೆ. ಅಂಗಡಿಗೆ ವಾಪಸ್ ಕೊಡ್ತಾರಂತೆ."

ತಿಪ್ಪೇಶ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಅಪ್ಪ ಸ್ವಲ್ಪ ಹೊತ್ತು ಸುಮ್ನಿರ್ಲಿ. ನೀನು ಕೈ ಮುಂದಕ್ಕೆ ಮಾಡು. ಡಬ್ಬಿ ಸಿಕ್ತಾ? ಅದ್ರ ಬೆನ್ನಿನ ಕಡೆ ಅಂಗೈ ಇಡು. ಗಾಳಿ ಬರ್ತಾ ಐತಾ?"

"ಬರ್ತೈತೆ ಸರ್."

"ಬೆಚ್ಚಗೈತಾ, ತಣ್ಣಗೈತಾ?"

"ಸ್ವಲ್ಪ ಬೆಚ್ಚಗೈತೆ."

"ಹಂಗಾರೆ ಜೀವ ಐತೆ. ಗಾಳಿ ಬರೋ ಜಾಗ ಬಿಟ್ಟು ಕೈ ಮೆಲ್ಲಗೆ ಕೆಳಗೆ ಇಳಿಸ್ತಾ ಹೋಗು. ಸಣ್ಣ ದುಂಡನೆ ತೂತು ಸಾಲಾಗಿ ಸಿಗ್ತವೆ. ಹೆಡ್‌ಫೋನ್ ಪಿನ್ನು ಒಂದೊಂದಕ್ಕೇ ಹಾಕಿ ನೋಡು. ಅವಸರ ಇಲ್ಲ. ನಾವೆಲ್ಲ ಇಲ್ಲೇ ಇರ್ತೀವಿ."

ಆ ಕಡೆಯಿಂದ ಏನನ್ನೋ ತಡಕುವ ಸದ್ದು, ಅಪ್ಪನ ಗೊಣಗಾಟ, ಮಗು "ಸುಮ್ನಿರಪ್ಪ" ಎಂದದ್ದು. ಉಳಿದ ಐದು ಮಕ್ಕಳೂ ಕಾಯುತ್ತಿದ್ದರು. ಸಿಂಚನ ತನ್ನ ಬ್ಯಾಗಿನಿಂದ ಚೀಟಿ ಪುಸ್ತಕ ತೆಗೆದು, ತಿಪ್ಪೇಶ ಹೇಳಿದ್ದನ್ನು ಒಂದೊಂದಾಗಿ ಬರೆದುಕೊಳ್ಳತೊಡಗಿದ್ದಳು.

"ಸರ್, ಯಾರೋ ಮಾತಾಡ್ತಾ ಅವ್ರೆ ಇದ್ರಾಗೆ."

"ಏನಂತಾರೆ?"

"ಗೊತ್ತಿಲ್ಲ ಸರ್. ಬೇಗ ಬೇಗ ಹೇಳ್ತಾರೆ."

"ಅದನ್ನ ನಿಧಾನ ಮಾಡೋದು ಹೆಂಗೆ ಅನ್ನೋದೇ ಇವತ್ತಿನ ಪಾಠ" ಎಂದ ತಿಪ್ಪೇಶ ಮೇಷ್ಟ್ರು. "ಎಲ್ರೂ ಕೀಬೋರ್ಡ್ ಮೇಲೆ ಕೈ ಇಡ್ರಿ."

ಕರಿಯಮ್ಮ ಹೋಗಿ ಹಟ್ಟಿಯ ಬಾಗಿಲು ತೆಗೆದಳು.